ಮೊನೊಪಾಡ್ ಇದ್ದರೂ ಮ್ಯಾಕ್ರೋ ಚಿತ್ರ ಮಸುಕು: ದೋಷ ಹುಡುಕುವುದು ಹೇಗೆ, ಆಮೇಲೆ ಕೊಳ್ಳುವುದು ಯಾವುದು

ಚಿಟ್ಟೆ, ಕಪ್ಪೆ, ಜೇಡ ಅಂತ ಕ್ಯಾಮೆರಾ ಹಿಡಿದು ಓಡಾಡುವವರಲ್ಲಿ ಒಂದು ದೂರು ಪದೇ ಪದೇ ಕೇಳಿಬರುತ್ತದೆ. ಮೊನೊಪಾಡ್ (ಕ್ಯಾಮೆರಾ ಹೊರುವ ಒಂಟಿಕಾಲಿನ ಕೋಲು) ತೆಗೆದುಕೊಂಡಾಯಿತು, ದೊಡ್ಡ ಚಿಟ್ಟೆ ಚೆನ್ನಾಗಿ ಬರುತ್ತಿದೆ, ಸಣ್ಣ ಹುಳ ಮಾತ್ರ ಮಸುಕು. ಆಗ ಹೆಚ್ಚಿನವರು ಇನ್ನೂ ದಪ್ಪದ, ಇನ್ನೂ ದುಬಾರಿ ಮೊನೊಪಾಡ್ ಹುಡುಕುತ್ತಾರೆ. ಅದು ಬಂದ ಮೇಲೂ ಹುಳ ಮಸುಕಾಗಿಯೇ ಇರುತ್ತದೆ.

ಯಾಕೆಂದರೆ ಮೊನೊಪಾಡ್‌ಗೆ ಎಲ್ಲ ಬಗೆಯ ಅಲುಗಾಟವನ್ನೂ ತಡೆಯಲು ಆಗುವುದಿಲ್ಲ. ಕ್ಯಾಮೆರಾ ಮೇಲೆ ಕೆಳಗೆ ಆಡುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ಭಾರವನ್ನು ತಾನು ಹೊತ್ತು ಕೈ ಸೋಲದಂತೆ ನೋಡಿಕೊಳ್ಳುತ್ತದೆ. ಅಕ್ಕಪಕ್ಕ ವಾಲುವುದನ್ನು ಅರ್ಧಂಬರ್ಧ ತಡೆಯುತ್ತದೆ. ಹಿಂದೆ ಮುಂದೆ ವಾಲುವುದನ್ನು ಮಾತ್ರ ತಾನಾಗಿ ತಡೆಯುವುದೇ ಇಲ್ಲ. ಮ್ಯಾಕ್ರೋದಲ್ಲಿ, ಅಂದರೆ ಪುಟ್ಟ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವಾಗ, ಚಿತ್ರ ಕೆಡುವುದು ಹೆಚ್ಚಾಗಿ ಇದರಿಂದಲೇ. ಹಾಗಾಗಿ ಮೊದಲು ಮಸುಕು ಯಾವ ಬಗೆಯದು ಅಂತ ಗೊತ್ತು ಮಾಡಿಕೊಳ್ಳಿ. ಅಂಗಡಿಗೆ ಹೋಗುವುದು ಆಮೇಲಿನ ಮಾತು.

ಕೆಟ್ಟ ಚಿತ್ರಗಳನ್ನು ಅಳಿಸಬೇಡಿ

ದೋಷದ ಗುರುತು ಇರುವುದು ಕೆಟ್ಟ ಚಿತ್ರದಲ್ಲೇ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಪೂರ್ತಿ ಹಿಗ್ಗಿಸಿ ನೋಡಿ. ಕ್ಯಾಮೆರಾದ ಪುಟ್ಟ ಪರದೆ ಇದಕ್ಕೆ ಸಾಲದು.

ಚಿತ್ರದಲ್ಲಿ ಎಲ್ಲಾದರೂ ಒಂದು ಕಡೆ ಚೂಪಾಗಿದೆಯಾ ಅಂತ ಮೊದಲು ಹುಡುಕಿ. ಹುಳದ ಕಣ್ಣು ಮಸುಕು, ಆದರೆ ಬೆನ್ನಿನ ಕೂದಲು ಸ್ಪಷ್ಟ. ಅಥವಾ ಹುಳ ಪೂರ್ತಿ ಮಸುಕು, ಅದು ಕೂತ ಎಲೆಯ ಅಂಚು ಮಾತ್ರ ಸ್ಪಷ್ಟ. ಹೀಗಿದ್ದರೆ ಅದು ಫೋಕಸ್ ತಪ್ಪಿದ ಚಿತ್ರ. ಅಂದರೆ ಕ್ಯಾಮೆರಾ ಹಿಂದೆಯೋ ಮುಂದೆಯೋ ಸರಿದಿದೆ, ಇಲ್ಲವೇ ಹುಳ ಸರಿದಿದೆ.

ಎಲ್ಲೂ ಚೂಪಾಗಿಲ್ಲ, ಹೊಳೆಯುವ ಚುಕ್ಕೆಗಳು ಒಂದೇ ದಿಕ್ಕಿಗೆ ಗೀರಿನಂತೆ ಎಳೆದುಕೊಂಡಿವೆ, ಅಂಚುಗಳು ಎರಡೆರಡು ಕಾಣುತ್ತವೆ ಎಂದಾದರೆ ಅದು ಅಲುಗಾಟ. ಇಬ್ಬನಿ ಹನಿಯ ಮೇಲಿನ ಹೊಳಪು ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲುಗಾಡದಿದ್ದರೆ ಅದು ಚುಕ್ಕೆ, ಅಲುಗಾಡಿದ್ದರೆ ಗೆರೆ. ಗೆರೆ ಯಾವ ದಿಕ್ಕಿಗಿದೆ ಅಂತ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೂವೋ ಹುಲ್ಲೋ ಗೆರೆಯಾಗಿದೆ, ಪಕ್ಕದ ಕಲ್ಲೋ ದಪ್ಪ ಕಾಂಡವೋ ಅಷ್ಟೇ ದೂರದಲ್ಲಿದ್ದೂ ಸ್ಪಷ್ಟವಾಗಿದೆ ಎಂದರೆ ಅದು ಗಾಳಿಯ ಕೆಲಸ. ಮೊನೊಪಾಡ್‌ಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಗೆರೆಯೂ ಇಲ್ಲ, ಫೋಕಸ್ಸೂ ಸರಿಯಾದ ಜಾಗದಲ್ಲೇ ಇದೆ, ಆದರೂ ಎಲ್ಲವೂ ಸ್ವಲ್ಪ ಸ್ವಲ್ಪ ಮೆತ್ತಗಿದೆ ಎಂದಾದರೆ ನೀವು ಅಪರ್ಚರನ್ನು (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿ) ಜಾಸ್ತಿ ಮುಚ್ಚಿರಬೇಕು. ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. 1:1ಕ್ಕೆ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ವಸ್ತು ತನ್ನ ನಿಜ ಗಾತ್ರದಲ್ಲೇ ಬೀಳುವಷ್ಟು ಹತ್ತಿರಕ್ಕೆ, ಬಂದಾಗ ಲೆನ್ಸ್‌ನ ನಿಜವಾದ ಅಪರ್ಚರ್ ಸಂಖ್ಯೆ ಸುಮಾರು ಇಮ್ಮಡಿಯಾಗುತ್ತದೆ. ಎಫ್/16 ಇಟ್ಟರೆ ಬೆಳಕಿನ ಮಟ್ಟಿಗೂ ಸ್ಪಷ್ಟತೆಯ ಮಟ್ಟಿಗೂ ಅದು ಎಫ್/32ರಂತೆ. ಎಫ್/8, ಎಫ್/11ಕ್ಕೆ ಬಂದು ಒಮ್ಮೆ ತೆಗೆದು ನೋಡಿ. ಈ ದೋಷ ಅಲ್ಲಿಗೆ ಮುಗಿಯಿತು.

ಮನೆಯಲ್ಲೇ ಒಂದು ಪರೀಕ್ಷೆ

ಕಾಡಿನಲ್ಲಿ ಗಾಳಿ, ಹುಳ, ಕೆಸರು, ಬೆಳಕು ಎಲ್ಲ ಒಟ್ಟಿಗೆ ಇರುತ್ತವೆ. ಯಾವುದು ಯಾವುದರ ಕೆಲಸ ಅಂತ ತಿಳಿಯುವುದಿಲ್ಲ. ಮನೆಯೊಳಗೆ ಫ್ಯಾನ್ ಆರಿಸಿ ಒಂದೊಂದಾಗಿ ನೋಡಬಹುದು.

ದಿನಪತ್ರಿಕೆಯ ಒಂದು ಹಾಳೆಯನ್ನು ಗೋಡೆಗೆ ಅಂಟಿಸಿ. ಕ್ಯಾಮೆರಾವನ್ನು ಮೇಜಿನ ಮೇಲೆ ಅಕ್ಕಿಚೀಲದ ಮೇಲೋ ದಪ್ಪ ಪುಸ್ತಕಗಳ ಮೇಲೋ ಗಟ್ಟಿಯಾಗಿ ಕೂರಿಸಿ, ಸಣ್ಣ ಅಕ್ಷರಗಳಿಗೆ ಫೋಕಸ್ ಮಾಡಿ, 2 ಸೆಕೆಂಡ್ ಟೈಮರ್ ಹಾಕಿ ತೆಗೆಯಿರಿ. ಇದು ಸ್ಪಷ್ಟ ಬಂದರೆ ಲೆನ್ಸ್, ಕ್ಯಾಮೆರಾ ಎರಡೂ ಸರಿಯಾಗಿವೆ. ಬರದಿದ್ದರೆ ಮೊನೊಪಾಡ್ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ, ಮೊದಲು ಲೆನ್ಸ್ ತೋರಿಸಿ.

ಈಗ ಅದೇ ಹಾಳೆ, ಅದೇ ದೂರ, ಅದೇ ಸೆಟ್ಟಿಂಗ್. ಕ್ಯಾಮೆರಾವನ್ನು ಮೊನೊಪಾಡ್ ಮೇಲೆ ಕೂರಿಸಿ, ನಿಂತುಕೊಂಡು ಸಾಲಾಗಿ ಹತ್ತಾರು ಚಿತ್ರ ತೆಗೆಯಿರಿ. ಫೋಕಸ್ ಕೈಯಲ್ಲೇ ಇಡಿ, ಆಟೋ ಬೇಡ. ಕೆಲವು ಸ್ಪಷ್ಟ, ಕೆಲವು ಮಸುಕು ಬರುತ್ತವೆ.

ಆಮೇಲೆ ಫ್ಲ್ಯಾಶ್ ಹಾಕಿ ಮತ್ತೆ ತೆಗೆಯಿರಿ. ಫ್ಲ್ಯಾಶ್‌ನ ಪವರ್ 1/16ಕ್ಕೆ ಇಳಿಸಿ, ಶಟರ್ 1/200 ಸೆಕೆಂಡ್, ಐಎಸ್ಓ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) 200, ಎಫ್/11. ಫ್ಲ್ಯಾಶ್ ಆರಿಸಿ ತೆಗೆದರೆ ಚಿತ್ರ ಹೆಚ್ಚುಕಡಿಮೆ ಕಪ್ಪಾಗಿಯೇ ಬರಬೇಕು. ಹಾಗೆ ಬಂದರೆ ಕೋಣೆಯ ಬೆಳಕು ಲೆಕ್ಕಕ್ಕಿಲ್ಲ ಅಂತ ಅರ್ಥ. ಅಷ್ಟು ಕಡಿಮೆ ಪವರ್‌ನಲ್ಲಿ ಕ್ಯಾಮೆರಾ ಫ್ಲ್ಯಾಶ್ ಬೆಳಗುವುದು 1/5000 ಸೆಕೆಂಡಿಗಿಂತಲೂ ಕಡಿಮೆ ಹೊತ್ತು. ಕೈ ಎಷ್ಟು ನಡುಗಿದರೂ ಅಷ್ಟರಲ್ಲಿ ಗೆರೆ ಬೀಳುವುದಿಲ್ಲ.

ಫ್ಲ್ಯಾಶ್ ಹಾಕಿದಾಗ ಎಲ್ಲವೂ ಸ್ಪಷ್ಟವಾದರೆ ನಿಮ್ಮ ದೋಷ ಅಲುಗಾಟ. ಫ್ಲ್ಯಾಶ್ ಹಾಕಿದರೂ ಕೆಲವು ಸ್ಪಷ್ಟ, ಕೆಲವು ಮಸುಕು ಬಂದರೆ ದೋಷ ಹಿಂದೆ ಮುಂದೆ ಸರಿಯುವುದು. ಈ ಒಂದು ಪರೀಕ್ಷೆ ಮಾಡದೆ ಮೊನೊಪಾಡ್ ಬದಲಿಸಬೇಡಿ. ದುಡ್ಡೂ ಉಳಿಯುತ್ತದೆ, ಕಾಡಿನಲ್ಲಿ ಕಳೆದ ಬೆಳಗುಗಳೂ ವ್ಯರ್ಥವಾಗುವುದಿಲ್ಲ.

ಹಿಂದೆ ಮುಂದೆ ಸರಿಯುವ ದೋಷ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸಣ್ಣ ಹುಳ ತೆಗೆಯುವವರ ಹೆಚ್ಚಿನ ಚಿತ್ರಗಳು ಕೆಡುವುದು ಇಲ್ಲೇ.

ಸಹ್ಯಾದ್ರಿ ಬರ್ಡ್‌ವಿಂಗ್ ನಮ್ಮ ರಾಜ್ಯದ ಚಿಟ್ಟೆ. ರೆಕ್ಕೆ ಬಿಡಿಸಿದರೆ 140ರಿಂದ 190 ಮಿ.ಮೀ. ಅಗಲ. ಫುಲ್ ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಅದು ಚೌಕಟ್ಟು ತುಂಬಬೇಕಾದರೆ ಸೆನ್ಸರ್ ಮೇಲೆ ಸುಮಾರು ಐದನೇ ಒಂದು ಗಾತ್ರಕ್ಕೆ ಬಿದ್ದರೆ ಸಾಕು. ಆ ಅಳತೆಯಲ್ಲಿ ಎಫ್/8ಕ್ಕೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 14 ಮಿ.ಮೀ. ಅಂದರೆ ನೀವು ಅರ್ಧ ಸೆಂಟಿಮೀಟರ್ ಅತ್ತಿತ್ತ ವಾಲಿದರೂ ಚಿತ್ರ ಉಳಿಯುತ್ತದೆ.

ಈಗ ಗ್ರಾಸ್ ಜ್ಯುವೆಲ್ ನೋಡಿ. ನಮ್ಮಲ್ಲಿ ಕಾಣುವ ಅತಿ ಪುಟ್ಟ ಚಿಟ್ಟೆಗಳಲ್ಲಿ ಅದೂ ಒಂದು. ರೆಕ್ಕೆ ಬಿಡಿಸಿದರೂ 2 ಸೆಂ.ಮೀ. ಆಸುಪಾಸು, ಮುಚ್ಚಿ ಕೂತರೆ ಇನ್ನೂ ಚಿಕ್ಕದು. ಅದನ್ನು ದೊಡ್ಡದಾಗಿ ತೆಗೆಯಲು 1:1ರ ಹತ್ತಿರ ಹೋಗಬೇಕು. ಅಲ್ಲಿ ಎಫ್/8ಕ್ಕೆ ಸಿಗುವ ಆಳ 1 ಮಿ.ಮೀ.ಗಿಂತ ಕೂದಲೆಳೆಯಷ್ಟು ಕಡಿಮೆ. ಎಫ್/11ಕ್ಕೆ ಹೋದರೂ 1.3 ಮಿ.ಮೀ. ಅಷ್ಟೇ.

ಇನ್ನು ವಾಲುವಿಕೆಯ ಲೆಕ್ಕ. ಮೊನೊಪಾಡ್‌ನ ಕಾಲು ನೆಲದಲ್ಲಿ ಊರಿರುತ್ತದೆ, ತಲೆ ಆಡುತ್ತಿರುತ್ತದೆ. ಲೆನ್ಸ್ ನೆಲದಿಂದ 150 ಸೆಂ.ಮೀ. ಎತ್ತರದಲ್ಲಿದ್ದು ಮೊನೊಪಾಡ್ ಬರೀ 1 ಡಿಗ್ರಿ ವಾಲಿದರೆ ಕ್ಯಾಮೆರಾ 26 ಮಿ.ಮೀ. ಮುಂದೆ ಹೋಗುತ್ತದೆ. 60 ಸೆಂ.ಮೀ. ಎತ್ತರದಲ್ಲಿದ್ದರೆ ಅದೇ 1 ಡಿಗ್ರಿಗೆ ಸುಮಾರು 10 ಮಿ.ಮೀ. ನಿಮಗೆ ಬೇಕಾಗಿರುವುದು 1 ಮಿ.ಮೀ. ಬರ್ಡ್‌ವಿಂಗ್ ಚೆನ್ನಾಗಿ ಬಂದು ಗ್ರಾಸ್ ಜ್ಯುವೆಲ್ ಕೆಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಎಷ್ಟೇ ಗಟ್ಟಿ ಕಾರ್ಬನ್ ಕೊಳವೆ ಇದ್ದರೂ ಕಾಲು ಒಂದೇ. ಅದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ವಾಲುವುದನ್ನು ತಡೆಯಲಾರದು.

ಪರಿಹಾರ ಇರುವುದು ನಿಲ್ಲುವ ರೀತಿಯಲ್ಲಿ. ಮೊನೊಪಾಡ್‌ನ ಕಾಲನ್ನು ನಿಮ್ಮ ಎರಡು ಪಾದಗಳ ನಡುವೆ ಇಡಬೇಡಿ. ಒಂದು ಅಡಿ ಮುಂದೆ ಊರಿ, ಕೋಲನ್ನು ನಿಮ್ಮ ಕಡೆಗೆ ವಾಲಿಸಿ, ಎರಡು ಕಾಲನ್ನು ಅಗಲಿಸಿ ಹಿಂದೆ ನಿಲ್ಲಿ. ಈಗ ಮೂರು ಕಾಲಾಯಿತು. ಎದೆಯ ಭಾರವನ್ನು ಸ್ವಲ್ಪ ಮುಂದಕ್ಕೆ ಕೊಡಿ. ಭಾರ ಬಿದ್ದ ಮೊನೊಪಾಡ್ ಆಡುವುದು ಕಡಿಮೆ, ಸುಮ್ನೆ ಹಿಡಿದುಕೊಂಡ ಮೊನೊಪಾಡ್ ಆಡುವುದು ಜಾಸ್ತಿ.

ಸಾಧ್ಯವಿದ್ದಲ್ಲೆಲ್ಲ ಮಂಡಿ ಊರಿ. ಆಗ ಮೊನೊಪಾಡ್ ಗಿಡ್ಡವಾಗುತ್ತದೆ, ನಿಮ್ಮ ದೇಹವೂ ಗಿಡ್ಡವಾಗುತ್ತದೆ. ನಿಂತಾಗ ಮನುಷ್ಯ ಕಣಕಾಲಿನಿಂದ ಮೇಲೆ ಪೂರ್ತಿ ತೂಗಾಡುತ್ತಾನೆ. ಒಂದು ಮಂಡಿ ಊರಿ, ಇನ್ನೊಂದು ಮಂಡಿಯ ಮೇಲೆ ಮೊಣಕೈ ಇಟ್ಟರೆ ಆ ತೂಗಾಟ ಬಹಳ ಕಡಿಮೆಯಾಗುತ್ತದೆ. ಮಲೆನಾಡಿನಲ್ಲಿ ಮಳೆಗಾಲ ಅಂದರೆ ಉಂಬಳದ ಕಾಲ. ಮಂಡಿ ಊರಲು ಒಂದು ರಬ್ಬರ್ ಚಾಪೆ, ಮೊಣಕಾಲಿನವರೆಗೆ ಬರುವ ಗಟ್ಟಿ ಕಾಲುಚೀಲ ಇಟ್ಟುಕೊಳ್ಳಿ. ಉಂಬಳ ಹತ್ತಿತು ಅನ್ನೋ ಚಿಂತೆಯಲ್ಲಿ ಯಾರೂ ಅಲುಗಾಡದೆ ಕೂರಲಾರರು.

ಉಳಿದ ವಾಲಾಟವನ್ನು ತಡೆಯಲು ಹೋಗಬೇಡಿ, ಅದನ್ನೇ ಫೋಕಸ್ ಮಾಡಲು ಬಳಸಿ. ಲೆನ್ಸನ್ನು ಮ್ಯಾನುವಲ್‌ಗೆ ಹಾಕಿ, ಬೇಕಾದ ಗಾತ್ರಕ್ಕೆ ರಿಂಗ್ ತಿರುಗಿಸಿ, ಆಮೇಲೆ ರಿಂಗ್ ಮುಟ್ಟಬೇಡಿ. ಮೊನೊಪಾಡನ್ನೇ ಅತಿ ನಿಧಾನವಾಗಿ ಹಿಂದಿನಿಂದ ಮುಂದಕ್ಕೆ ವಾಲಿಸಿ. ಕಣ್ಣು ಸ್ಪಷ್ಟವಾಗುವುದಕ್ಕೆ ಸ್ವಲ್ಪ ಮೊದಲೇ ಗುಂಡಿ ಒತ್ತಿ, ಸಾಲಾಗಿ ನಾಲ್ಕೈದು ಚಿತ್ರ ತೆಗೆಯಿರಿ. ಅದರಲ್ಲಿ ಒಂದು ಸಿಗುತ್ತದೆ. ಮೊನೊಪಾಡ್ ಇಲ್ಲಿ ನಿಜವಾಗಿ ಸಹಾಯ ಮಾಡುತ್ತದೆ. ಮೇಲೆ ಕೆಳಗೆ ಆಡುವುದು ನಿಂತಿರುವುದರಿಂದ ಚೌಕಟ್ಟು ಹಾಗೇ ಉಳಿಯುತ್ತದೆ, ನೀವು ಗಮನ ಕೊಡಬೇಕಾದದ್ದು ಒಂದೇ ದಿಕ್ಕಿಗೆ. ಚಿಟ್ಟೆ ರೆಕ್ಕೆ ಮುಚ್ಚಿ ಕೂತಿದ್ದರೆ ಇನ್ನೊಂದು ಉಪಾಯವೂ ಇದೆ. ರೆಕ್ಕೆಗೆ ನೇರ ಎದುರಾಗಿ ನಿಲ್ಲಿ, ಸೆನ್ಸರ್ ಮತ್ತು ರೆಕ್ಕೆ ಒಂದಕ್ಕೊಂದು ಸಮಾನಾಂತರ ಇರಲಿ. ಆಗ 1 ಮಿ.ಮೀ. ಆಳದಲ್ಲೇ ಇಡೀ ರೆಕ್ಕೆ ಬರುತ್ತದೆ.

ಚಗಳಿ ಇರುವೆ ತೆಗೆಯುವವರಿಗೆ ಮಾತ್ರ ನನ್ನ ಸಲಹೆ ಬೇರೆ. ಅದು ಒಂದು ಕ್ಷಣ ನಿಲ್ಲುವುದಿಲ್ಲ. ಅದರ ಹಿಂದೆ ಮೊನೊಪಾಡ್ ಎಳೆದಾಡುವುದು ಬೇಡ. ಫ್ಲ್ಯಾಶ್ ಹಾಕಿ, ಎಡಗೈಯಿಂದ ಅದೇ ಕೊಂಬೆಯನ್ನು ಹಿಡಿದು, ಆ ಕೈಯ ಮೇಲೆಯೇ ಲೆನ್ಸ್ ಊರಿ ತೆಗೆಯಿರಿ. ಕೊಂಬೆ ಆಡಿದರೆ ಕ್ಯಾಮೆರಾವೂ ಅದರ ಜೊತೆಗೇ ಆಡುತ್ತದೆ. ಕಚ್ಚುತ್ತವೆ, ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ.

ನಿಜವಾದ ಅಲುಗಾಟ

ಫ್ಲ್ಯಾಶ್ ಪರೀಕ್ಷೆಯಲ್ಲಿ ಅಲುಗಾಟ ಅಂತ ಬಂದಿದ್ದರೆ ಮೊದಲು ಶಟರ್ ನೋಡಿ. 100 ಮಿ.ಮೀ. ಲೆನ್ಸ್‌ಗೆ 1/100 ಸಾಕು ಅನ್ನುವ ಹಳೆಯ ಸೂತ್ರ ದೂರದ ವಸ್ತುಗಳಿಗೆ. 1:1ರಲ್ಲಿ ಅದು ನಡೆಯುವುದಿಲ್ಲ. 1/200ರಿಂದ 1/400ರವರೆಗೆ ಹೋಗಿ, ಅದಕ್ಕಾಗಿ ಐಎಸ್ಓ ಏರಿಸಬೇಕಾದರೆ ಏರಿಸಿ. ಕಾಳುಕಾಳಾದ ಚಿತ್ರವನ್ನು ಸರಿಮಾಡಬಹುದು, ಗೆರೆ ಬಿದ್ದ ಕಣ್ಣನ್ನು ಸರಿಮಾಡಲಾಗುವುದಿಲ್ಲ.

ಅಲುಗಾಟ ತಗ್ಗಿಸಲೆಂದು ಲೆನ್ಸ್‌ನಲ್ಲಿರುವ ಸ್ಟೆಬಿಲೈಸರ್ ಮೇಲೆ ಪೂರ್ತಿ ಭರವಸೆ ಬೇಡ. ಕ್ಯಾನನ್ 2009ರಲ್ಲಿ ತಂದ 100 ಮಿ.ಮೀ. ಎಲ್ ಮ್ಯಾಕ್ರೋದಲ್ಲಿ ಕೋನದ ಅಲುಗಾಟದ ಜೊತೆಗೆ ಅಡ್ಡ ಸರಿಯುವುದನ್ನೂ ಸರಿಪಡಿಸುವ ವ್ಯವಸ್ಥೆ ಇದೆ. ಅಂಥದ್ದರಲ್ಲೂ ಕಂಪನಿಯೇ ಹೇಳುವ ಲೆಕ್ಕ ಹೀಗಿದೆ: ಸಾಮಾನ್ಯ ದೂರದಲ್ಲಿ 4 ಸ್ಟಾಪ್ (ಒಂದು ಸ್ಟಾಪ್ ಅಂದರೆ ಶಟರ್ ಇಮ್ಮಡಿ ಹೊತ್ತು ತೆರೆದಿಡಬಹುದು), ಅರ್ಧ ಗಾತ್ರದಲ್ಲಿ 3, 1:1ರಲ್ಲಿ 2. ಹತ್ತಿರ ಹೋದಷ್ಟೂ ಸಹಾಯ ಕಡಿಮೆ. ಹಿಂದೆ ಮುಂದೆ ಸರಿಯುವುದಕ್ಕಂತೂ ಅದರಿಂದ ಪ್ರಯೋಜನವೇ ಇಲ್ಲ. ಟ್ರೈಪಾಡ್ ಮೇಲೆ ಸ್ಟೆಬಿಲೈಸರ್ ಆರಿಸುತ್ತೇವೆ, ಮೊನೊಪಾಡ್ ಮೇಲೆ ಸಾಮಾನ್ಯವಾಗಿ ಇಟ್ಟುಕೊಳ್ಳುವುದೇ ಸರಿ. ನಿಮ್ಮ ಲೆನ್ಸ್‌ನಲ್ಲಿ ಹೇಗೆ ಅಂತ ಗೋಡೆಯ ಹಾಳೆಯ ಮುಂದೆ ಎರಡು ರೀತಿಯೂ ತೆಗೆದು ನೋಡಿ.

ಈಗ ಬರೆದಿಟ್ಟುಕೊಂಡ ಗೆರೆಯ ದಿಕ್ಕು ತೆಗೆಯಿರಿ. ಗೆರೆ ಅಡ್ಡಕ್ಕಿದ್ದರೆ ದೇಹದ ವಾಲಾಟ, ಕಾಲು ಅಗಲಿಸಿ ನಿಂತರೆ ಕಡಿಮೆಯಾಗುತ್ತದೆ. ಗೆರೆ ನಡುವಿನ ಸುತ್ತ ಬಾಗಿದ್ದರೆ ಕ್ಯಾಮೆರಾ ತಿರುಚಿಕೊಂಡಿದೆ, ಗುಂಡಿಯನ್ನು ಕುಟ್ಟಿ ಒತ್ತುತ್ತಿದ್ದೀರಿ ಇಲ್ಲವೇ ಕ್ಯಾಮೆರಾದ ತಳಕ್ಕೆ ತಿರುಪುವ ಪ್ಲೇಟ್ ಸಡಿಲವಿದೆ. ಗೆರೆ ನೇರ ಮೇಲಿನಿಂದ ಕೆಳಕ್ಕಿದ್ದರೆ ಮೊನೊಪಾಡನ್ನೇ ಅನುಮಾನಿಸಿ. ಅದು ತಡೆಯಲೇಬೇಕಾದ ದಿಕ್ಕು ಅದೊಂದೇ. ಅದನ್ನೂ ತಡೆಯುತ್ತಿಲ್ಲ ಅಂದರೆ ಎಲ್ಲೋ ಜಾರುತ್ತಿರಬಹುದು ಅಥವಾ ಹೂತುಹೋಗುತ್ತಿರಬಹುದು.

ಉಪಕರಣದಲ್ಲೇ ಸಡಿಲವಿದ್ದರೆ

ಕೆಳಗಿನಿಂದ ಮೇಲಕ್ಕೆ ಒಂದೊಂದೇ ಕೀಲು ನೋಡುತ್ತಾ ಬನ್ನಿ.

ಮೊದಲು ನೆಲ. ಆಗುಂಬೆ, ಕುದುರೆಮುಖ ಕಡೆಯ ಕಾಡಿನ ನೆಲದಲ್ಲಿ ತರಗೆಲೆಯ ಮೇಲೆ ರಬ್ಬರ್ ಕಾಲು ಊರಿದರೆ ಅದು ಭಾರ ಬಿದ್ದಷ್ಟೂ ಇಳಿಯುತ್ತಾ ಹೋಗುತ್ತದೆ. ಮುಳ್ಳಿನ ಕಾಲು ಇದ್ದರೆ ಇನ್ನೂ ಬೇಗ ಇಳಿಯುತ್ತದೆ. ನೀವು ಫೋಕಸ್ ಮಾಡುವಷ್ಟರಲ್ಲಿ ಚೌಕಟ್ಟು ಕೆಳಗೆ ಹೋಗಿರುತ್ತದೆ. ತರಗೆಲೆ ಸರಿಸಿ ಗಟ್ಟಿ ಮಣ್ಣು ಸಿಗುವಲ್ಲಿ ಊರಿ, ಸಿಗದಿದ್ದರೆ ಚಪ್ಪಟೆ ಕಲ್ಲೊಂದನ್ನು ಕೆಳಗಿಡಿ. ಅದೂ ಇಲ್ಲದಿದ್ದರೆ ನಿಮ್ಮದೇ ಬೂಟಿನ ತುದಿಯ ಮೇಲೆ ಕಾಲನ್ನಿಡಿ. ಬಂಡೆಯ ಮೇಲೆ ರಬ್ಬರ್, ಹುಲ್ಲುಗಾವಲಿನ ಗಟ್ಟಿ ಮಣ್ಣಿನಲ್ಲಿ ಮುಳ್ಳು ಚೆನ್ನ.

ಆಮೇಲೆ ಲಾಕ್‌ಗಳು. ಎಲ್ಲ ಭಾಗಗಳನ್ನೂ ಬಿಡಿಸಿ ಬಿಗಿ ಮಾಡಿ, ಪ್ರತಿ ಕೀಲಿನ ಪಕ್ಕ ಪೆನ್ಸಿಲ್‌ನಿಂದ ಒಂದು ಗೆರೆ ಎಳೆಯಿರಿ. ಎರಡೂ ಕೈಯಿಂದ ಮೇಲಿನಿಂದ ಒತ್ತಿ, ದೇಹದ ಭಾರ ಸ್ವಲ್ಪ ಹಾಕಿ. ಯಾವ ಗೆರೆ ಸರಿಯಿತೋ ಆ ಲಾಕ್ ಜಾರುತ್ತಿದೆ. ಕ್ಲಿಪ್ ಲಾಕ್ ಆದರೆ ಪಕ್ಕದಲ್ಲೊಂದು ಸಣ್ಣ ಸ್ಕ್ರೂ ಇರುತ್ತದೆ, ಕಾಲು ಸುತ್ತು ಬಿಗಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಜಾಸ್ತಿ ಬಿಗಿ ಮಾಡಿದರೆ ಪ್ಲಾಸ್ಟಿಕ್ ಸೀಳುತ್ತದೆ. ತಿರುಗಿಸುವ ಲಾಕ್ ಆದರೆ ಬಿಚ್ಚಿ ನೋಡಬೇಕು. ಒಳಗೆ ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ಅವಕ್ಕೆ ಮರಳು ಮೆತ್ತಿರುತ್ತದೆ, ಇಲ್ಲವೇ ಸವೆದಿರುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಯಾವ ಪಟ್ಟಿ ಯಾವ ತೋಡಿನಲ್ಲಿತ್ತೋ ಅಲ್ಲೇ ಕೂರಿಸಿ. ಬಿಚ್ಚುವಾಗಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಗೊಂದಲವಿಲ್ಲ. ಪಟ್ಟಿಗಳಿಗೆ ಎಣ್ಣೆ ಹಚ್ಚಬೇಡಿ, ಹಿಡಿತ ಹೋಗುತ್ತದೆ. ಕಡಲತೀರದಲ್ಲಿ ಏಡಿ ತೆಗೆದು ಬಂದ ದಿನ ಸಿಹಿನೀರಿನಲ್ಲಿ ತೊಳೆಯುವುದನ್ನು ಮರೆಯಬೇಡಿ. ಮಳೆಯಲ್ಲಿ ನೆನೆದಿದ್ದರೆ ಮಡಚಿ ಚೀಲಕ್ಕೆ ಹಾಕಬೇಡಿ, ಪೂರ್ತಿ ಬಿಡಿಸಿ ಒರಗಿಸಿಡಿ.

ಜಾರುತ್ತಿಲ್ಲ ಆದರೆ ಬಳುಕುತ್ತಿದೆ ಎಂದರೆ ಅದು ಕೊನೆಯ ಸಣ್ಣ ಕೊಳವೆಯ ಕೆಲಸ. ಎತ್ತರ ಹೊಂದಿಸುವಾಗ ಮೇಲಿನ ದಪ್ಪ ಭಾಗಗಳನ್ನು ಮೊದಲು ಎಳೆಯಿರಿ, ಕೊನೆಯದನ್ನು ಒಳಗೇ ಬಿಡಿ. ನೀರಿನಲ್ಲೋ ಕೆಸರಿನಲ್ಲೋ ಊರುವಾಗ ಮಾತ್ರ ಕೊನೆಯದನ್ನು ಹೊರಗೆ ತೆಗೆಯಿರಿ, ಲಾಕ್‌ಗೆ ಕೆಸರು ಹೋಗುವುದಿಲ್ಲ.

ಮೇಲ್ಗಡೆ ಮೂರು ಜಾಗ ಇವೆ. ಮೊನೊಪಾಡ್ ಮತ್ತು ಹೆಡ್ (ಕ್ಯಾಮೆರಾವನ್ನು ಹಿಡಿದು ಬಗ್ಗಿಸಲು ಬಿಡುವ ಭಾಗ) ಸೇರುವ ತಿರುಪು ಒಂದು. ಗುಂಡಿನ ಮೇಲೆ ಎಲ್ಲ ಕಡೆ ತಿರುಗುವ ಬಾಲ್ ಹೆಡ್‌ಗಳಲ್ಲಿ ಹೆಚ್ಚಿನವುಗಳ ತಳದಲ್ಲಿ 3/8 ಇಂಚಿನ ತೂತು ಇರುತ್ತದೆ, ಕ್ಯಾಮೆರಾದಲ್ಲಿ 1/4 ಇಂಚಿನದು. ಮಧ್ಯೆ ಹಾಕುವ ಚಿಕ್ಕ ಹಿತ್ತಾಳೆ ಬುಶ್ ಪೂರ್ತಿ ಕೂರದಿದ್ದರೆ ಹೆಡ್ ಎಷ್ಟು ಬಿಗಿ ಮಾಡಿದರೂ ತುಸು ತಿರುಗುತ್ತದೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಎರಡನೆಯದು ಪ್ಲೇಟ್. ಮ್ಯಾಕ್ರೋ ಲೆನ್ಸ್ ಮುಂದಕ್ಕೆ ಎಳೆಯುವುದರಿಂದ ಪ್ಲೇಟಿನ ತಿರುಪು ನಿಧಾನವಾಗಿ ಸಡಿಲವಾಗುತ್ತದೆ. ಹೊರಡುವ ಮೊದಲು ಒಮ್ಮೆ ಬಿಗಿ ಮಾಡಿ. ಮೂರನೆಯದು ಬಾಲ್. ಬಿಗಿ ಮಾಡಿ ಕೈ ಬಿಟ್ಟ ಮೇಲೆ ಚೌಕಟ್ಟು ಒಂದು ನೂಲು ಕೆಳಗಿಳಿಯುತ್ತದಾ ನೋಡಿ. ಇಳಿದರೆ ಹೆಡ್ ನಿಮ್ಮ ಲೆನ್ಸ್‌ಗೆ ಸಣ್ಣದು, ಇಲ್ಲವೇ ಬಾಲ್‌ಗೆ ಜಿಡ್ಡು ಹತ್ತಿದೆ. ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ನೋಡಿ.

ಮೊನೊಪಾಡ್ ಕೆಳಗೆ ಹೋಗುತ್ತಿಲ್ಲ

ಇದು ಮಸುಕಿನ ದೋಷದ ಹಾಗೆ ಕಾಣುವುದಿಲ್ಲ, ಆದರೆ ಕೊನೆಗೆ ಮಸುಕಿಗೇ ತಂದು ನಿಲ್ಲಿಸುತ್ತದೆ. ಗ್ರಾಸ್ ಜ್ಯುವೆಲ್ ಕೂರುವುದು ನೆಲಕ್ಕೆ ಅಂಟಿದ ಹುಲ್ಲಿನಲ್ಲಿ. ಪೂರ್ತಿ ಮಡಚಿದ ಮೊನೊಪಾಡ್ 50 ಸೆಂ.ಮೀ., ಹೆಡ್ 8 ಸೆಂ.ಮೀ., ಅದರ ಮೇಲೆ ಲೆನ್ಸ್‌ನ ನಡುಭಾಗಕ್ಕೆ ಇನ್ನೊಂದು 5 ಸೆಂ.ಮೀ. ಅಲ್ಲಿಗೆ 63 ಸೆಂ.ಮೀ. ಆಯಿತು. ಅದಕ್ಕಿಂತ ಕೆಳಗೆ ನೇರ ನಿಲ್ಲಿಸಿ ತೆಗೆಯಲು ಆಗುವುದಿಲ್ಲ. ಆಗ ಜನ ಮೇಲಿನಿಂದ ಓರೆಯಾಗಿ ತೆಗೆಯುತ್ತಾರೆ. ರೆಕ್ಕೆಗೆ ಸಮಾನಾಂತರ ತಪ್ಪುತ್ತದೆ, ಅರ್ಧ ರೆಕ್ಕೆ ಮಸುಕಾಗುತ್ತದೆ. ದೋಷ ಫೋಕಸ್‌ನದ್ದು ಅನ್ನಿಸುತ್ತದೆ, ನಿಜವಾದ ಕಾರಣ ಎತ್ತರ.

ಮೊನೊಪಾಡನ್ನು ಪಕ್ಕಕ್ಕೆ ಚೆನ್ನಾಗಿ ಓರೆ ಮಾಡಿ, ಹೆಡ್ ಬಗ್ಗಿಸಿ ಸ್ವಲ್ಪ ಕೆಳಗೆ ಬರಬಹುದು. ಇಲ್ಲವೇ ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಒಂದು ತುದಿಯನ್ನು ತೊಡೆಯ ಕೆಳಗೆ ಒತ್ತಿಟ್ಟು, ಇನ್ನೊಂದು ತುದಿಯ ಕ್ಯಾಮೆರಾವನ್ನು ಕೈಯಲ್ಲಿ ಹೊಂದಿಸಬಹುದು. ಆದರೂ ನನಗೆ ಕೇಳಿದರೆ, ಒಂದಡಿಗಿಂತ ಕೆಳಗಿನ ಕೆಲಸಕ್ಕೆ ಮೊನೊಪಾಡ್ ಬಿಟ್ಟು ಕಾಳು ತುಂಬಿದ ಬಟ್ಟೆಚೀಲ ಇಟ್ಟುಕೊಳ್ಳುವುದೇ ಮೇಲು. ಅದು ಹಿಂದೆ ಮುಂದೆ ಆಡುವುದನ್ನೂ ತಡೆಯುತ್ತದೆ.

ತೊರೆಯ ಅಂಚಿನ ಕಪ್ಪೆಗಳೂ ಹೀಗೆಯೇ, ಎಲ್ಲ ಕೆಳಗಿನ ಕೆಲಸ. 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆ ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲೇ ಇದೆ. ಗಂಡು ಕೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಅಂಥ ತೊರೆಯಲ್ಲಿ ಮೊನೊಪಾಡ್ ಕಾಲನ್ನು ನೀರಿನೊಳಗೆ ಚುಚ್ಚಿ ಹುಡುಕಾಡಬೇಡಿ. ಮೊಟ್ಟೆ ಇರುವುದು ನೀರಿನ ಅಂಚಿನ ಕಡ್ಡಿಗಳ ಮೇಲೆ, ರಾತ್ರಿ ಟಾರ್ಚ್ ಬೆಳಕಿನಲ್ಲಿ ಕೆಸರು ಮೆತ್ತಿದ ಕಡ್ಡಿ ಯಾವುದು, ಬರೀ ಕಡ್ಡಿ ಯಾವುದು ಅಂತ ತಿಳಿಯುವುದಿಲ್ಲ. ದಡದ ಬಂಡೆಯ ಮೇಲೆ ಊರಿ, ಅಲ್ಲಿಂದ ಸಿಕ್ಕಷ್ಟೇ ಚಿತ್ರ. ಈ ವಿಷಯದಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ.

ಗಾಳಿ

ಸೂರ್ಯ ಏರುವ ಮೊದಲು ಗಾಳಿ ಕಡಿಮೆ, ಏರೋಪ್ಲೇನ್ ಚಿಟ್ಟೆಗಳೂ ಇಬ್ಬನಿ ಒಣಗುವವರೆಗೆ ಕದಲುವುದಿಲ್ಲ. ಆ ಒಂದು ಗಂಟೆಯಲ್ಲಿ ಸಿಗುವುದು ಇಡೀ ದಿನದಲ್ಲಿ ಸಿಗುವುದಿಲ್ಲ. ಗಾಳಿ ಬೀಸುತ್ತಿದ್ದರೆ ಕಾಯಿರಿ. ಅದು ಬಿಟ್ಟು ಬಿಟ್ಟು ಬರುತ್ತದೆ, ನಡುವೆ ಒಂದೆರಡು ಸೆಕೆಂಡ್ ಬಿಡುವು ಇರುತ್ತದೆ.

ಇಷ್ಟು ನೋಡಿದ ಮೇಲೂ ಹೊಸದು ಬೇಕಾದರೆ

ದೋಷ ಲಾಕ್‌ನದ್ದೋ ಬಳುಕುವ ಕೊಳವೆಯದ್ದೋ ಎತ್ತರದ್ದೋ ಅಂತ ಖಚಿತವಾಗಿದ್ದರೆ ಕೊಳ್ಳಿ. ಹಿಂದೆ ಮುಂದೆ ಸರಿಯುವ ದೋಷವಾಗಿದ್ದರೆ ಆ ದುಡ್ಡನ್ನು ಫ್ಲ್ಯಾಶ್ ಮತ್ತು ಅದರ ಬೆಳಕನ್ನು ಮೆದುವಾಗಿಸುವ ಡಿಫ್ಯೂಸರ್‌ಗೆ ಹಾಕಿ, ಹೆಚ್ಚು ಉಪಯೋಗ. ಅದು ಸರಿಯುವುದನ್ನು ನಿಲ್ಲಿಸುವುದಿಲ್ಲ ನಿಜ. ಆದರೆ ಎಫ್/11 ಇಟ್ಟೂ ಐಎಸ್ಓ ಏರಿಸದೆ, ಅಲುಗಾಟದ ಭಯವಿಲ್ಲದೆ, ವಾಲುತ್ತಾ ತೆಗೆಯಬಹುದು.

ಮ್ಯಾಕ್ರೋಗೆ ಮೊನೊಪಾಡ್ ಆರಿಸುವಾಗ ಹಕ್ಕಿ ತೆಗೆಯುವವರ ಲೆಕ್ಕ ಹಿಡಿಯಬೇಡಿ. ಅವರಿಗೆ ಕಣ್ಣಿನ ಎತ್ತರಕ್ಕೆ ಬರಬೇಕು, ಭಾರದ ಲೆನ್ಸ್ ಹೊರಬೇಕು. ನಮಗೆ ಎದೆಯೆತ್ತರ ಸಾಕು, ಮಡಚಿದಾಗ ಎಷ್ಟು ಗಿಡ್ಡ ಎನ್ನುವುದೇ ಮುಖ್ಯ. ಕ್ಯಾನನ್‌ನ ಆ 100 ಮಿ.ಮೀ. ಎಲ್ ಮ್ಯಾಕ್ರೋ 625 ಗ್ರಾಂ ಅಷ್ಟೇ ತೂಗುತ್ತದೆ. ಕ್ಯಾಮೆರಾ, ಫ್ಲ್ಯಾಶ್ ಸೇರಿಸಿದರೂ 2 ಕಿಲೋ ಆಸುಪಾಸು. ಹತ್ತು ಕಿಲೋ ಹೊರುತ್ತದೆ ಅನ್ನುವ ಬರಹಕ್ಕೆ ಜಾಸ್ತಿ ದುಡ್ಡು ಕೊಡುವ ಅಗತ್ಯವಿಲ್ಲ. ಆ ಸಂಖ್ಯೆ ಹೇಳುವುದು ಲಾಕ್ ಎಷ್ಟು ಭಾರ ತಡೆಯುತ್ತದೆ ಅಂತ, ಕೋಲು ಎಷ್ಟು ಬಳುಕುತ್ತದೆ ಅಂತಲ್ಲ.

ಭಾಗಗಳ ವಿಷಯದಲ್ಲಿ ಒಂದು ಇಕ್ಕಟ್ಟು ಇದ್ದೇ ಇದೆ. ಐದು ಭಾಗದ್ದು ಹೆಚ್ಚು ಗಿಡ್ಡವಾಗುತ್ತದೆ, ಆದರೆ ಕೊನೆಯ ಕೊಳವೆ ಸಪೂರ. ನಾಲ್ಕು ಭಾಗದ್ದು ಗಟ್ಟಿ, ಆದರೆ ಮಡಚಿದಾಗ ಉದ್ದ. ಹುಲ್ಲಿನ ಚಿಟ್ಟೆ, ಜೇಡ ತೆಗೆಯುವವರು ಐದು ಭಾಗದ್ದನ್ನೇ ತೆಗೆದುಕೊಳ್ಳಿ. ಕೊನೆಯ ಕೊಳವೆಯನ್ನು ಹೇಗೂ ಬಳಸುವುದು ಅಪರೂಪ. ಬನ್ನೇರುಘಟ್ಟದ ಚಿಟ್ಟೆ ಉದ್ಯಾನದಂಥ ಕಡೆ ಎದೆಮಟ್ಟದ ಹೂಗಳ ಮೇಲೆ ದೊಡ್ಡ ಚಿಟ್ಟೆ ತೆಗೆಯುವುದೇ ಹೆಚ್ಚಾದರೆ ನಾಲ್ಕು ಭಾಗದ್ದು ಒಳ್ಳೆಯದು. ಕಾರ್ಬನ್‌ನಲ್ಲಿ ತೂಕ ಕಡಿಮೆ, ನಡೆಯುವಾಗ ಹಗುರ. ಚಿತ್ರದಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ. ಅಲ್ಯೂಮಿನಿಯಂ ಸಾಕು.

ಕೆಳಗೆ ಮೂರು ಪುಟ್ಟ ಕಾಲು ಇರುವ ವಿಡಿಯೋ ಮೊನೊಪಾಡ್ ನೋಡಿ ಮರುಳಾಗಬೇಡಿ. ಅದರ ಬುಡದ ಕೀಲು ಎಲ್ಲ ದಿಕ್ಕಿಗೂ ತಿರುಗಲೆಂದೇ ಮಾಡಿದ್ದು. ಹಿಂದೆ ಮುಂದೆ ವಾಲುವುದನ್ನು ಅದು ತಡೆಯುವುದಿಲ್ಲ. ತರಗೆಲೆಯ ನಡುವೆ ಆ ಕಾಲುಗಳು ಸರಿಯಾಗಿ ಕೂರುವುದೂ ಇಲ್ಲ.

ಹೆಡ್ ಬೇಕೇ ಬೇಕು. ಹೆಡ್ ಇಲ್ಲದೆ ನೇರ ಮೊನೊಪಾಡ್‌ಗೆ ಕ್ಯಾಮೆರಾ ತಿರುಪಿದರೆ ಲೆನ್ಸ್ ಕೆಳಗೆ ಮಾಡಲು ಇಡೀ ಕೋಲನ್ನೇ ವಾಲಿಸಬೇಕಾಗುತ್ತದೆ. ಲೆನ್ಸ್‌ಗೆ ಕಾಲರ್ ರಿಂಗ್ (ಲೆನ್ಸನ್ನು ಸುತ್ತ ಹಿಡಿದು ಹೆಡ್‌ಗೆ ಕೂರಿಸುವ ಬಳೆ) ಇದ್ದರೆ ಮುಂದೆ ಹಿಂದೆ ಮಾತ್ರ ಬಗ್ಗುವ ಟಿಲ್ಟ್ ಹೆಡ್ ಸಾಕು. ಅಡ್ಡ, ಉದ್ದ ಚೌಕಟ್ಟಿಗೆ ಕಾಲರಿನಲ್ಲೇ ತಿರುಗಿಸಿಕೊಳ್ಳಬಹುದು, ಲೆನ್ಸ್‌ನ ಜಾಗ ಬದಲಾಗುವುದಿಲ್ಲ. ಕಾಲರ್ ಇಲ್ಲದಿದ್ದರೆ ಮಧ್ಯಮ ಗಾತ್ರದ ಬಾಲ್ ಹೆಡ್, ಬಿಗಿತ ಹೊಂದಿಸುವ ಬೇರೆ ತಿರುಪು ಇರುವಂಥದ್ದು. ಆ ಬಿಗಿತವನ್ನು ಅರ್ಧಕ್ಕೆ ಇಟ್ಟರೆ ಕೈ ಒತ್ತಿದಾಗ ಸರಿಯುತ್ತದೆ, ಬಿಟ್ಟಾಗ ನಿಲ್ಲುತ್ತದೆ.

ಅಂಗಡಿಗೆ ನಿಮ್ಮ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್ ಎರಡನ್ನೂ ತೆಗೆದುಕೊಂಡು ಹೋಗಿ. ಪೂರ್ತಿ ಮಡಚಿ, ಹೆಡ್ ಹಾಕಿ, ಕ್ಯಾಮೆರಾ ಕೂರಿಸಿ ನೆಲದಿಂದ ಲೆನ್ಸ್‌ಗೆ ಎಷ್ಟು ಎತ್ತರ ಅಂತ ಟೇಪಿನಲ್ಲಿ ಅಳೆಯಿರಿ. ಆಮೇಲೆ ಎಲ್ಲ ಭಾಗ ಬಿಡಿಸಿ ಮೇಲಿನಿಂದ ಒತ್ತಿ, ಲಾಕ್ ಜಾರುತ್ತದಾ ನೋಡಿ. ಒದ್ದೆ ಕೈಯಲ್ಲಿ ಲಾಕ್ ತೆರೆದು ಮುಚ್ಚಲು ಆಗುತ್ತದಾ ಅಂತಲೂ ನೋಡಿ. ಮಳೆಯಲ್ಲಿ ಕೆಲಸ ಮಾಡಬೇಕಾದವರಿಗೆ ಇದು ಬಹಳ ಮುಖ್ಯ. ಲಾಕ್‌ನ ಒಳಗಿನ ಪಟ್ಟಿಗಳು, ಕೆಳಗಿನ ರಬ್ಬರ್ ಕಾಲು ಬಿಡಿಯಾಗಿ ಸಿಗುತ್ತವಾ ಅಂತ ಕೇಳಿ. ಸಿಗುವುದಿಲ್ಲ ಅಂದರೆ ಬೇರೆಯದನ್ನು ನೋಡಿ.